ಯಂತ್ರದ ಲೆಕ್ಕಕ್ಕೆ ಮನುಷ್ಯರ ಮಾತು ಕೊಟ್ಟ ಗ್ರೇಸ್ ಹಾಪರ್

ಹಳೆಯ ಲೆಕ್ಕಿಗ ಕೆಲಸ ಬಿಟ್ಟುಹೋದ ಮೇಲೆ ಅವನ ಖಾತೆ ಪುಸ್ತಕವನ್ನು ತೆರೆದು ಕುಳಿತ ಹೊಸಬನ ಪಾಡು ಯಾವ ಕಚೇರಿಗೂ ಹೊಸದಲ್ಲ. ಅಂಕಿಗಳಿರುತ್ತವೆ, ಕೊನೆಯಲ್ಲಿ ಮೊತ್ತವೂ ಇರುತ್ತದೆ. ಆದರೆ ಯಾವ ಅಂಕಿ ಎಲ್ಲಿಂದ ಬಂತು, ಯಾವ ಗುರುತಿಗೆ ಯಾವ ಅರ್ಥ, ಯಾವ ಸಾಲನ್ನು ಏಕೆ ಕೈಬಿಡಲಾಗಿದೆ ಎಂದು ಹೇಳುವವರು ಇರುವುದಿಲ್ಲ. ಖಾತೆ ಪುಸ್ತಕದ ಜಾಗಕ್ಕೆ ಗಣಕಯಂತ್ರ ಬಂದ ಮೇಲೆ ಈ ಕಷ್ಟ ತಗ್ಗಲಿಲ್ಲ, ಇಮ್ಮಡಿಯಾಯಿತು. ಸಂಬಳದ ಪಟ್ಟಿ, ದಾಸ್ತಾನಿನ ವರದಿ, ಬ್ಯಾಂಕಿನ ಬಡ್ಡಿ ಇವೆಲ್ಲವನ್ನೂ ಸಿದ್ಧಪಡಿಸುವ ಪ್ರೋಗ್ರಾಂಗಳನ್ನು ಬರೆದವರು ಬೇರೆ ಕೆಲಸ ಹಿಡಿದು ಹೊರಟುಹೋಗುತ್ತಾರೆ. ಪ್ರೋಗ್ರಾಂ ಉಳಿಯುತ್ತದೆ, ವಿವರಣೆ ಉಳಿಯುವುದಿಲ್ಲ.

ಈ ಸಮಸ್ಯೆಯನ್ನು ಗಣಕಯುಗದ ಮೊದಲ ದಿನಗಳಲ್ಲೇ ಎದುರಿಸಿ, ಮುಂದಿನ ನಾಲ್ಕು ದಶಕಗಳ ಕಾಲ ಅದರ ವಿರುದ್ಧ ದುಡಿದವರು ಅಮೆರಿಕದ ಗಣಿತಜ್ಞೆ, ನೌಕಾಪಡೆಯ ಅಧಿಕಾರಿ ಗ್ರೇಸ್ ಹಾಪರ್. ಕೋಬಾಲ್ ಭಾಷೆಯ ತಾಯಿ ಎಂದು ಜಗತ್ತು ಅವರನ್ನು ಗುರುತಿಸುತ್ತದೆ. ಆ ಬಿರುದಿನ ಹಿಂದಿರುವ ಬದುಕು ಮಾತ್ರ ಅದಕ್ಕಿಂತ ದೊಡ್ಡದು. ಬೇರೆಯವರು ಕಟ್ಟಿಟ್ಟ, ವಿವರಣೆಯಿಲ್ಲದ ಒಂದು ಯಂತ್ರವನ್ನು ಅರ್ಥಮಾಡಿಕೊಳ್ಳುವುದರಿಂದ ಆರಂಭವಾದ ಅವರ ವೃತ್ತಿ, ತಮ್ಮ ನಂತರ ಬರುವವರಿಗೆ ಆ ಪಾಡು ಬರದಂತೆ ಮಾಡುವ ಪ್ರಯತ್ನದಲ್ಲಿ ಕೊನೆಗೊಂಡಿತು. ಆ ಪ್ರಯತ್ನ ಎಷ್ಟರಮಟ್ಟಿಗೆ ಗೆದ್ದಿತು, ಎಲ್ಲಿ ಸೋತಿತು ಎಂಬುದು ಬೆಂಗಳೂರಿನ ಇತಿಹಾಸಕ್ಕೂ ಸಂಬಂಧಿಸಿದ ಸಂಗತಿ.

ಗಡಿಯಾರ ಬಿಚ್ಚಿದ ಬಾಲಕಿ

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ವಾಲ್ಟರ್ ಮರ್ರೆ ವಿಮಾ ವ್ಯವಹಾರದಲ್ಲಿದ್ದವರು. ತಾಯಿ ಮೇರಿ ಅವರಿಗೆ ಗಣಿತದಲ್ಲಿ ವಿಶೇಷ ಆಸಕ್ತಿ. ಮುತ್ತಜ್ಜ ಅಲೆಕ್ಸಾಂಡರ್ ರಸೆಲ್ ನೌಕಾಪಡೆಯಲ್ಲಿ ಅಡ್ಮಿರಲ್ ಆಗಿದ್ದರು. ರಕ್ತನಾಳಗಳ ಕಾಯಿಲೆಯಿಂದ ಕಾಲುಗಳನ್ನು ಕಳೆದುಕೊಂಡ ತಂದೆ, ಹೆಣ್ಣುಮಕ್ಕಳೂ ಗಂಡುಮಗನಷ್ಟೇ ಓದಿ ತಮ್ಮ ಕಾಲ ಮೇಲೆ ನಿಲ್ಲಬೇಕೆಂದು ಪಟ್ಟುಹಿಡಿದವರು.

ಗ್ರೇಸ್ ಅವರ ಬಾಲ್ಯದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಏಳು ವರ್ಷದ ಬಾಲಕಿಗೆ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಕುತೂಹಲ. ಒಂದನ್ನು ಬಿಚ್ಚಿದಳು, ಮರಳಿ ಜೋಡಿಸಲಾಗಲಿಲ್ಲ. ಮೊದಲನೆಯದು ಹೇಗಿತ್ತೆಂದು ನೋಡಲು ಎರಡನೆಯದನ್ನು ಬಿಚ್ಚಿದಳು. ತಾಯಿಯ ಕಣ್ಣಿಗೆ ಬೀಳುವಷ್ಟರಲ್ಲಿ ಮನೆಯ ಏಳು ಗಡಿಯಾರಗಳು ಹಲ್ಲುಚಕ್ರಗಳ ರಾಶಿಯಾಗಿದ್ದವು. ತಾಯಿ ಗದರಿಸಿ ಕಳುಹಿಸಲಿಲ್ಲ. ಇನ್ನು ಮುಂದೆ ಒಂದೇ ಗಡಿಯಾರವನ್ನು ಬಿಚ್ಚಬಹುದೆಂದು ಮಿತಿ ಹಾಕಿದರು. ಒಳಗನ್ನು ನೋಡದೆ ಯಾವುದನ್ನೂ ನಂಬಬಾರದು ಎಂಬ ಅಭ್ಯಾಸ ಅಂದೇ ಬೇರೂರಿತು.

ಹದಿನಾರನೆಯ ವಯಸ್ಸಿನಲ್ಲಿ ವಾಸರ್ ಕಾಲೇಜಿನ ಪ್ರವೇಶಕ್ಕೆ ಪ್ರಯತ್ನಿಸಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಮರುವರ್ಷ, 1924ರಲ್ಲಿ ಪ್ರವೇಶ ಪಡೆದು, 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವೀಧರರಾದರು. ಯೇಲ್ ವಿಶ್ವವಿದ್ಯಾಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಆ ಕಾಲದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದ ಮಹಿಳೆಯರು ಅಮೆರಿಕದಲ್ಲೂ ವಿರಳ. 1930ರಲ್ಲಿ ವಿನ್ಸೆಂಟ್ ಹಾಪರ್ ಅವರನ್ನು ವಿವಾಹವಾದರು. ಆ ದಾಂಪತ್ಯ 1945ರಲ್ಲಿ ಮುರಿದುಬಿದ್ದರೂ ಹಾಪರ್ ಎಂಬ ಹೆಸರು ಕೊನೆಯವರೆಗೂ ಉಳಿಯಿತು. 1931ರಿಂದ ವಾಸರ್ ಕಾಲೇಜಿನಲ್ಲೇ ಅಧ್ಯಾಪನ ವೃತ್ತಿ ಕೈಗೊಂಡ ಅವರು, ಕಠಿಣ ಗಣಿತವನ್ನು ಸಾಮಾನ್ಯ ವಿದ್ಯಾರ್ಥಿನಿಗೂ ಅರ್ಥವಾಗುವ ಮಾತಿನಲ್ಲಿ ಬಿಡಿಸಿಹೇಳುವ ಕಲೆಯನ್ನು ಅಲ್ಲಿ ರೂಢಿಸಿಕೊಂಡರು. ಮುಂದೆ ಅವರ ಕೈಹಿಡಿದದ್ದು ಯೇಲ್‌ನ ಪದವಿಗಿಂತ ಹೆಚ್ಚಾಗಿ ಈ ಕಲೆಯೇ.

ಕೈಪಿಡಿಯಿಲ್ಲದ ಯಂತ್ರ

ಎರಡನೆಯ ಮಹಾಯುದ್ಧ ಅವರ ಬದುಕಿನ ದಿಕ್ಕನ್ನೇ ಬದಲಿಸಿತು. 1943ರ ಡಿಸೆಂಬರ್‌ನಲ್ಲಿ ಹಾಪರ್ ನೌಕಾಪಡೆಯ ಮೀಸಲು ದಳಕ್ಕೆ ಸೇರಿದರು. ವಯಸ್ಸು 37 ತಲುಪಿತ್ತು. ತೂಕ 105 ಪೌಂಡ್, ನಿಯಮಕ್ಕಿಂತ 15 ಪೌಂಡ್ ಕಡಿಮೆ. ಗಣಿತದ ಪ್ರಾಧ್ಯಾಪಕರ ಸೇವೆ ಯುದ್ಧಕಾಲಕ್ಕೆ ಅಗತ್ಯವೆಂದು ಸರ್ಕಾರ ಭಾವಿಸಿದ್ದರಿಂದ ಬಿಡುಗಡೆಗೂ ಅನುಮತಿ ಬೇಕಿತ್ತು. ವಿನಾಯಿತಿಗಳನ್ನು ಹಟಹಿಡಿದು ಪಡೆದು, ಅಧಿಕಾರಿಗಳ ತರಬೇತಿಯಲ್ಲಿ ತಮ್ಮ ತಂಡಕ್ಕೇ ಮೊದಲಿಗರಾಗಿ ತೇರ್ಗಡೆಯಾದರು.

1944ರ ಜುಲೈ 2ರಂದು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ವರದಿ ಮಾಡಿಕೊಂಡ ಲೆಫ್ಟಿನೆಂಟ್ ಹಾಪರ್ ಅವರ ಎದುರು ನಿಂತದ್ದು 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು 5 ಟನ್ ತೂಕದ ಮಾರ್ಕ್ 1 ಎಂಬ ಲೆಕ್ಕದ ಯಂತ್ರ. ಅದರ ಕಲ್ಪನೆ ಹಾರ್ವರ್ಡ್‌ನ ಹೋವರ್ಡ್ ಐಕೆನ್ ಅವರದು. ಕಟ್ಟಿದವರು ಎಂಡಿಕಾಟ್ ಪಟ್ಟಣದ ಐಬಿಎಂ ಎಂಜಿನಿಯರರು. ಲಕ್ಷಾಂತರ ಬಿಡಿಭಾಗಗಳು, ನೂರಾರು ಮೈಲಿ ತಂತಿ. ಸೆಕೆಂಡಿಗೆ ಮೂರು ಕೂಡುವ ಲೆಕ್ಕ ಮಾಡಬಲ್ಲ ಯಂತ್ರವದು. ತಲಾ 23 ಅಂಕಿಗಳ 72 ಸಂಖ್ಯೆಗಳನ್ನು ನೆನಪಿನಲ್ಲಿ ಹಿಡಿದಿಡುತ್ತಿತ್ತು. ಆದೇಶಗಳನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಕೊರೆದು ಉಣಿಸಬೇಕಿತ್ತು. ಸಂಖ್ಯೆಯನ್ನು ಎಲ್ಲಿಂದ ತೆಗೆಯಬೇಕು, ಎಲ್ಲಿಗೆ ಕಳಿಸಬೇಕು, ಏನು ಮಾಡಬೇಕು ಎಂಬ ಮೂರೇ ಸಂಗತಿಗಳನ್ನು ಪ್ರತಿ ಸಾಲಿನ ರಂಧ್ರಗಳು ಹೇಳುತ್ತಿದ್ದವು.

ಕಮಾಂಡರ್ ಐಕೆನ್ ಅವರು ಯಂತ್ರವನ್ನು ತೋರಿಸಿ, ಅದಕ್ಕೆ ಆದೇಶ ಬರೆಯುವುದನ್ನು ಒಂದು ವಾರದಲ್ಲಿ ಕಲಿತು, ತ್ರಿಕೋನಮಿತಿಯ ಒಂದು ಕೋಷ್ಟಕಕ್ಕೆ ಬೇಕಾದ ಗುಣಾಂಕಗಳನ್ನು 23 ದಶಮಾಂಶ ಸ್ಥಾನಗಳವರೆಗೆ ಲೆಕ್ಕಹಾಕಿಕೊಡುವಂತೆ ಸೂಚಿಸಿದರು. ಓದಿ ಕಲಿಯಲು ಕೈಪಿಡಿ ಇರಲಿಲ್ಲ. ಇದ್ದದ್ದು ಸಂಕೇತಗಳ ಒಂದು ಪಟ್ಟಿ, ತಂತಿಜೋಡಣೆಯ ನಕ್ಷೆಗಳು ಮತ್ತು ಯಂತ್ರದೊಂದಿಗೆ ಆಗಲೇ ಕೆಲವು ಕಾಲ ಹೆಣಗಿದ್ದ ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಎಂಬ ಇಬ್ಬರು ಕಿರಿಯ ಅಧಿಕಾರಿಗಳು. ವಯಸ್ಸಾದ ಅಧ್ಯಾಪಕಿಯ ಪಕ್ಕದ ಮೇಜು ತನಗೆ ಬೇಡವೆಂದು ಹಿಂಜರಿದಿದ್ದ ಆ ಇಬ್ಬರೇ ಆಕೆಯ ಮೊದಲ ಗುರುಗಳಾದರು. ನಕ್ಷೆಗಳನ್ನು ಮುಂದಿಟ್ಟುಕೊಂಡು, ಒಂದೊಂದೇ ತಂತಿಯ ಜಾಡು ಹಿಡಿದು, ಯಂತ್ರ ಯಾವ ಆದೇಶಕ್ಕೆ ಹೇಗೆ ವರ್ತಿಸುತ್ತದೆಂದು ಹಾಪರ್ ಅರಿತುಕೊಂಡರು. ಏಳು ಗಡಿಯಾರಗಳ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತು.

ಕೆಲಸ ಆಟದ್ದಾಗಿರಲಿಲ್ಲ. ಯುದ್ಧನೌಕೆಗಳ ಫಿರಂಗಿಗಳಿಗೆ ಬೇಕಾದ ಕೋಷ್ಟಕಗಳು, ಸಮುದ್ರದ ಸಿಡಿಗುಂಡುಗಳನ್ನು ಪತ್ತೆಹಚ್ಚಿ ತೆಗೆಯುವ ಲೆಕ್ಕಗಳು ಆ ಯಂತ್ರದಿಂದ ಹೊರಬರುತ್ತಿದ್ದವು. 1944ರಲ್ಲಿ ಜಾನ್ ಫಾನ್ ನಾಯ್ಮನ್ ತಂದ ಒಂದು ಲೆಕ್ಕವೂ ಅಲ್ಲಿ ನಡೆಯಿತು. ಅದು ಅಣುಬಾಂಬಿನ ವಿನ್ಯಾಸಕ್ಕೆ ಸಂಬಂಧಿಸಿದ್ದೆಂದು ಪ್ರಯೋಗಾಲಯದವರಿಗೆ ತಿಳಿದದ್ದು ತಡವಾಗಿ. ಯಂತ್ರ ಹಗಲಿರುಳು ದುಡಿಯುತ್ತಿತ್ತು. ಒಂದು ರಂಧ್ರ ತಪ್ಪಿದರೆ ಕೋಷ್ಟಕ ತಪ್ಪುತ್ತಿತ್ತು. ಕೋಷ್ಟಕ ತಪ್ಪಿದರೆ ಗುಂಡು ಗುರಿ ತಪ್ಪುತ್ತಿತ್ತು.

ಇದೇ ದಿನಗಳಲ್ಲಿ ಐಕೆನ್ ಇನ್ನೊಂದು ಆದೇಶ ಕೊಟ್ಟರು. ಈ ಯಂತ್ರದ ಬಗ್ಗೆ ಪುಸ್ತಕ ಬರೆಯಬೇಕು. ತಾವೆಂದೂ ಪುಸ್ತಕ ಬರೆದವರಲ್ಲವೆಂದು ಹಾಪರ್ ಹಿಂಜರಿದರೂ, ನೌಕಾಪಡೆಯಲ್ಲಿ ಆದೇಶಕ್ಕೆ ಎದುರಾಡುವಂತಿರಲಿಲ್ಲ. ಬ್ಯಾಬೇಜ್ ಮೊದಲಾದವರ ಹಳೆಯ ಲೆಕ್ಕಯಂತ್ರಗಳ ಚರಿತ್ರೆಯಿಂದ ಆರಂಭಿಸಿ, ಮಾರ್ಕ್ 1ರ ರಚನೆ, ಸಂಕೇತಗಳು, ಆದೇಶ ಬರೆಯುವ ಕ್ರಮ, ಮಾದರಿ ಲೆಕ್ಕಗಳವರೆಗೆ ಎಲ್ಲವನ್ನೂ ವಿವರಿಸಿದ 561 ಪುಟಗಳ ಕೈಪಿಡಿ 1946ರಲ್ಲಿ ಪ್ರಕಟವಾಯಿತು. ಮುಖಪುಟದಲ್ಲಿ ಪ್ರಯೋಗಾಲಯದ ಸಿಬ್ಬಂದಿ ಎಂಬ ಸಾಮೂಹಿಕ ಹೆಸರಿದ್ದರೂ ಬರವಣಿಗೆಯ ಬಹುಪಾಲು ಹಾಪರ್ ಅವರದು. ತಮಗೆ ಯಾವ ಪುಸ್ತಕ ಸಿಗಲಿಲ್ಲವೋ ಆ ಪುಸ್ತಕವನ್ನೇ ಅವರು ಮುಂದಿನವರಿಗೆ ಬರೆದಿಟ್ಟರು.

ನಕಲಿನಲ್ಲಿ ನುಸುಳಿದ ತಪ್ಪು

ಹಾರ್ವರ್ಡ್‌ನಲ್ಲಿ ಹಾಪರ್ ಗಮನಿಸಿದ ಇನ್ನೊಂದು ಸಂಗತಿ ಅವರ ಮುಂದಿನ ಸಾಧನೆಗೆ ಬೀಜವಾಯಿತು. ಪ್ರೋಗ್ರಾಂ ಬರೆಯುವವರೆಲ್ಲ ತಮ್ಮ ತಮ್ಮ ನೋಟ್ ಪುಸ್ತಕಗಳಲ್ಲಿ, ಒಮ್ಮೆ ಸರಿಯೆಂದು ಖಚಿತವಾದ ಆದೇಶಗಳ ತುಣುಕುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಒಬ್ಬರಿಗೆ ವರ್ಗಮೂಲದ ತುಣುಕು ಬೇಕಾದರೆ ಇನ್ನೊಬ್ಬರ ಪುಸ್ತಕದಿಂದ ನಕಲು ಮಾಡಿಕೊಳ್ಳುವುದು ವಾಡಿಕೆ. ನಕಲು ಮಾಡುವಾಗ ತಪ್ಪುಗಳು ನುಸುಳುತ್ತಿದ್ದವು. ಕೈಬರಹದ ಗ್ರೀಕ್ ಅಕ್ಷರ ಡೆಲ್ಟಾ ನೋಡುವವರ ಕಣ್ಣಿಗೆ 4 ಆಗುತ್ತಿತ್ತು, ಬಿ ಎಂಬ ಅಕ್ಷರ 13 ಆಗುತ್ತಿತ್ತು. ಜೊತೆಗೆ, ಪ್ರತಿ ತುಣುಕಿನಲ್ಲೂ ಸ್ಥಾನಸಂಖ್ಯೆಗಳನ್ನು ಹೊಸ ಪ್ರೋಗ್ರಾಮಿಗೆ ಹೊಂದುವಂತೆ ಕೂಡಿ ಕಳೆಯಬೇಕಿತ್ತು. ದೊಡ್ಡ ದೊಡ್ಡ ಸಮೀಕರಣ ಬಿಡಿಸಬಲ್ಲ ಗಣಿತಜ್ಞರು ಈ ಸಣ್ಣ ಕೂಡುವ ಲೆಕ್ಕದಲ್ಲಿ ಎಡವುತ್ತಿದ್ದರು.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬಳಸುವಾಗ ಕೈಕೊಡುವುದು ಮನುಷ್ಯನ ಬುದ್ಧಿಯಲ್ಲ, ಅವನ ಕಣ್ಣು ಮತ್ತು ಕೈ ಎಂಬ ತಿಳಿವಳಿಕೆ ಇದರಿಂದ ಮೂಡಿತು. ಹಾಗಾದರೆ ನಕಲು ಮಾಡುವ, ಸ್ಥಾನಸಂಖ್ಯೆ ಕೂಡಿಸುವ ಬೇಸರದ ಕೆಲಸವನ್ನು ಬೇಸರವೇ ಆಗದ ಯಂತ್ರಕ್ಕೆ ಏಕೆ ಒಪ್ಪಿಸಬಾರದು ಎಂಬ ಪ್ರಶ್ನೆ ಅವರನ್ನು ಕಾಡತೊಡಗಿತು.

1947ರಲ್ಲಿ ಮಾರ್ಕ್ 2 ಯಂತ್ರದ ರಿಲೇ ಒಂದರಲ್ಲಿ ಸಿಕ್ಕಿಬಿದ್ದ ಪತಂಗದ ಪ್ರಸಂಗವೂ ಇಲ್ಲಿಯದೇ. ಪತಂಗವನ್ನು ದಿನಚರಿ ಪುಸ್ತಕದ ಪುಟಕ್ಕೆ ಅಂಟಿಸಿಡಲಾಯಿತು. ತಂತ್ರಾಂಶದ ದೋಷವನ್ನು ಬಗ್ ಎನ್ನುವ ವಾಡಿಕೆಗೆ ಹಾಪರ್ ಅವರೇ ಮೂಲವೆಂಬ ನಂಬಿಕೆ ಜನಜನಿತವಾಗಿದ್ದರೂ, ಯಂತ್ರದೋಷಕ್ಕೆ ಆ ಪದವನ್ನು ಎಂಜಿನಿಯರರು ಹತ್ತೊಂಬತ್ತನೆಯ ಶತಮಾನದಲ್ಲೇ ಬಳಸುತ್ತಿದ್ದರು. ಪತಂಗವನ್ನು ಹಿಡಿದವರೂ ಅವರಲ್ಲ. ಆ ಕಥೆಯನ್ನು ಸಾವಿರಾರು ಸಭೆಗಳಿಗೆ ರಸವತ್ತಾಗಿ ಹೇಳಿ ಹಬ್ಬಿಸಿದವರು ಮಾತ್ರ ಅವರೇ.

ಕತ್ತಲ ವರ್ಷಗಳು, ಹೊಸ ದಾರಿ

ಯುದ್ಧ ಮುಗಿದ ಮೇಲಿನ ವರ್ಷಗಳು ಹಾಪರ್ ಅವರಿಗೆ ಸುಲಭವಾಗಿರಲಿಲ್ಲ. ನೌಕಾಪಡೆಯ ಕಾಯಂ ಸೇವೆಗೆ ಸೇರಲು ವಯಸ್ಸು ಮೀರಿತ್ತು. ವಾಸರ್ ಕಾಲೇಜಿಗೆ ಹಿಂದಿರುಗುವ ಅವಕಾಶವನ್ನು ಅವರೇ ಬಿಟ್ಟುಕೊಟ್ಟಿದ್ದರು. ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆಯ ಭರವಸೆ ಇರಲಿಲ್ಲ. ಒಂಟಿತನ, ದುಡಿಮೆಯ ಒತ್ತಡ, ಮದ್ಯದ ಚಟ ಇವು ಸೇರಿ ಅವರನ್ನು ಕುಗ್ಗಿಸಿದವು. ಸ್ನೇಹಿತರ ಆಸರೆಯಿಂದಲೂ ಕೆಲಸದ ಮೇಲಿನ ಪ್ರೀತಿಯಿಂದಲೂ ಅವರು ಆ ಸ್ಥಿತಿಯಿಂದ ಮೇಲೆದ್ದರು.

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮೌಕ್ಲಿ ಕಂಪ್ಯೂಟರ್ ಕಂಪನಿಗೆ ಸೇರಿದರು. ಮರುವರ್ಷ ರೆಮಿಂಗ್ಟನ್ ರ್‍ಯಾಂಡ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಅಲ್ಲಿ ತಯಾರಾಗುತ್ತಿದ್ದ ಯೂನಿವ್ಯಾಕ್ ವ್ಯಾಪಾರಿ ಸಂಸ್ಥೆಗಳಿಗೂ ಮಾರಲು ಉದ್ದೇಶಿಸಿದ ಯಂತ್ರ. ಅದಕ್ಕೂ ಮುಂಚೆ ಕಂಪನಿಯ ಬೈನ್ಯಾಕ್ ಯಂತ್ರಕ್ಕಾಗಿ ಅವರು ಎಂಟರ ಮೂಲದ ಅಂಕಿಗಳಲ್ಲಿ ಲೆಕ್ಕ ಮಾಡುವುದನ್ನು ಕಲಿಯಬೇಕಾಯಿತು. ಆ ಲೆಕ್ಕ ಎಷ್ಟು ಕೈಹತ್ತಿತೆಂದರೆ ಅವರ ಬ್ಯಾಂಕ್ ಖಾತೆಯ ಲೆಕ್ಕ ತಾಳೆಯಾಗದೇ ಹೋಯಿತು. ಕೊನೆಗೆ ಬ್ಯಾಂಕ್ ವ್ಯವಹಾರ ಬಲ್ಲ ತಮ್ಮ ಚೆಕ್ ಪುಸ್ತಕವನ್ನು ಪರಿಶೀಲಿಸಿ, ಅಕ್ಕ ಕೆಲವೆಡೆ ಹತ್ತರ ಬದಲು ಎಂಟರ ಮೂಲದಲ್ಲಿ ಕಳೆದಿದ್ದಾರೆಂದು ಪತ್ತೆಹಚ್ಚಿದರು. ಮನುಷ್ಯ ಯಂತ್ರದ ಭಾಷೆ ಕಲಿಯುವ ಬದಲು ಯಂತ್ರವೇ ಮನುಷ್ಯನ ಭಾಷೆ ಕಲಿಯಬೇಕು ಎಂಬ ನಿಲುವಿಗೆ ಬರಲು ಈ ಪ್ರಸಂಗವೂ ಒಂದು ಕಾರಣವೆಂದು ಹಾಪರ್ ಆಗಾಗ ನೆನಪಿಸಿಕೊಳ್ಳುತ್ತಿದ್ದರು.

1951ರಿಂದ 1952ರ ನಡುವೆ ಅವರು ರೂಪಿಸಿದ ಎ-0 ಎಂಬ ಕಂಪೈಲರ್ ಈ ದಿಕ್ಕಿನಲ್ಲಿ ಮೊದಲ ಹೆಜ್ಜೆ. ಪರೀಕ್ಷಿಸಿ ಸರಿಯೆಂದು ಕಂಡ ಆದೇಶಗಳ ತುಣುಕುಗಳನ್ನು ಕಾಂತೀಯ ಟೇಪಿನಲ್ಲಿ ಸಂಗ್ರಹಿಸಿ, ಪ್ರತಿಯೊಂದಕ್ಕೂ ಕರೆಸಂಖ್ಯೆ ಕೊಡಲಾಯಿತು. ಬಳಸುವವರು ಆ ಸಂಖ್ಯೆಯನ್ನು ಸೂಚಿಸಿದರೆ ಸಾಕು, ಯಂತ್ರವೇ ತುಣುಕನ್ನು ಹುಡುಕಿ ತಂದು, ಸ್ಥಾನಸಂಖ್ಯೆಗಳನ್ನು ಸರಿಹೊಂದಿಸಿ, ಇಡೀ ಪ್ರೋಗ್ರಾಮನ್ನು ಜೋಡಿಸುತ್ತಿತ್ತು. ಇಂದಿನ ಕಂಪೈಲರುಗಳಿಗೆ ಹೋಲಿಸಿದರೆ ಅದು ಸರಳ. ಆದರೆ ಪ್ರೋಗ್ರಾಮನ್ನು ಬರೆಯಲು ಪ್ರೋಗ್ರಾಮನ್ನೇ ಬಳಸುವ ಆಲೋಚನೆ ಆ ಕಾಲಕ್ಕೆ ಎಷ್ಟು ಅಪರಿಚಿತವಾಗಿತ್ತೆಂದರೆ, ಯಂತ್ರ ಕೂಡಿ ಕಳೆಯುವುದಷ್ಟನ್ನೇ ಬಲ್ಲದೆಂದು ನಂಬಿದ್ದವರು ಅದನ್ನು ಮುಟ್ಟಿನೋಡಲೂ ಮುಂದಾಗಲಿಲ್ಲ.

ಗುಮಾಸ್ತನಿಗೂ ಓದಲು ಬರುವ ಪ್ರೋಗ್ರಾಂ

ವ್ಯಾಪಾರ ಸಂಸ್ಥೆಗಳ ಒಡನಾಟ ಹೆಚ್ಚಿದಂತೆ ಹಾಪರ್ ಅವರಿಗೆ ಇನ್ನೊಂದು ಸತ್ಯ ಕಂಡಿತು. ಗಣಿತಜ್ಞರಿಗೆ ಚಿಹ್ನೆಗಳೇ ಮಾತೃಭಾಷೆ. ಆದರೆ ಸಂಬಳದ ಪಟ್ಟಿ, ಉಗ್ರಾಣದ ದಾಸ್ತಾನು, ಮಾರಾಟದ ವರದಿ ನೋಡಿಕೊಳ್ಳುವವರು ಚಿಹ್ನೆಗಳಲ್ಲಿ ಯೋಚಿಸುವುದಿಲ್ಲ. ಅವರು ಯೋಚಿಸುವುದು ಪದಗಳಲ್ಲಿ. ವರದಿಯಲ್ಲಿ ತಪ್ಪಿದೆಯೆಂದು ಮೊದಲು ಅರಿಯುವವರು ಅವರೇ. ತಪ್ಪು ಎಲ್ಲಿದೆಯೆಂದು ತೆರೆದು ನೋಡಲಾಗದವರೂ ಅವರೇ. ಪ್ರೋಗ್ರಾಂ ಸಾಮಾನ್ಯ ಇಂಗ್ಲಿಷಿನಲ್ಲಿದ್ದರೆ ಬರೆಯುವವರಿಗೂ ಬಳಸುವವರಿಗೂ ನಡುವಿನ ಗೋಡೆ ಬೀಳುತ್ತದೆಂದು ಅವರು ವಾದಿಸಿದರು.

ಕಂಪನಿಯ ಆಡಳಿತ ಒಪ್ಪಲಿಲ್ಲ. ಯಂತ್ರಕ್ಕೆ ಇಂಗ್ಲಿಷ್ ಅರ್ಥವಾಗದೆಂಬುದು ಅದರ ಉತ್ತರ. 1955ರ ಆರಂಭದಲ್ಲಿ ಹಾಪರ್ ಮತ್ತು ಅವರ ತಂಡದವರು ಒಂದು ಸಣ್ಣ ಪ್ರಾತ್ಯಕ್ಷಿಕೆ ಏರ್ಪಡಿಸಿ, ಇಂಗ್ಲಿಷ್ ಪದಗಳಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರದಿಂದ ನಡೆಸಿ ತೋರಿಸಿದರು. ಯಂತ್ರಕ್ಕೆ ಪದಗಳು ಕೇವಲ ಗುರುತುಗಳು, ಯಾವ ಭಾಷೆಯಾದರೂ ಒಂದೇ ಎಂದು ಮನವರಿಕೆ ಮಾಡಲು ಅದೇ ಪ್ರೋಗ್ರಾಮನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಬರೆದು ನಡೆಸಿದರು. ಪರಿಣಾಮ ತಿರುಗುಬಾಣವಾಯಿತು. ಫಿಲಡೆಲ್ಫಿಯಾದಲ್ಲಿ ತಯಾರಾದ ಅಮೆರಿಕದ ಯಂತ್ರ ಫ್ರೆಂಚ್, ಜರ್ಮನ್ ತಿಳಿಯುವುದೆಂದರೇನು ಎಂದು ಅಧಿಕಾರಿಗಳು ಗಾಬರಿಯಾದರು. ಇಂಗ್ಲಿಷಿನಲ್ಲಿ ಮಾತ್ರ ಕೆಲಸ ಮಾಡುತ್ತೇವೆಂದು ಭರವಸೆ ಕೊಟ್ಟು ಹಣ ಮಂಜೂರು ಮಾಡಿಸಿಕೊಳ್ಳಲು ತಿಂಗಳುಗಳೇ ಹಿಡಿದವು.

ಹೀಗೆ ರೂಪುಗೊಂಡದ್ದು ಫ್ಲೋ-ಮ್ಯಾಟಿಕ್ ಎಂಬ ಭಾಷೆ. ಹೋಲಿಸು, ವರ್ಗಾಯಿಸು, ಬರೆ ಎಂಬರ್ಥದ ಕೆಲವೇ ಇಂಗ್ಲಿಷ್ ಕ್ರಿಯಾಪದಗಳ ಮೂಲಕ ಯಂತ್ರಕ್ಕೆ ಆದೇಶ ನೀಡುವ ವ್ಯವಸ್ಥೆಯದು. ದತ್ತಾಂಶದ ವಿವರಣೆಯನ್ನು ಆದೇಶಗಳಿಂದ ಬೇರ್ಪಡಿಸಿ ಬರೆಯುವ ಪದ್ಧತಿಯೂ ಅದರಲ್ಲಿತ್ತು. ಯಾವ ಕಡತದಲ್ಲಿ ಏನಿದೆ, ಯಾವ ಅಂಕಣಕ್ಕೆ ಯಾವ ಹೆಸರು ಎಂಬುದು ಒಂದೇ ಕಡೆ ಕಣ್ಣಿಗೆ ಬೀಳುವಂತಾದದ್ದು ನಂತರ ಬಂದವರಿಗೆ ದೊಡ್ಡ ಉಪಕಾರ.

ಕೋಬಾಲ್ ಮತ್ತು ಅದರ ತಾಯ್ತನ

1950ರ ದಶಕದ ಕೊನೆಯ ಹೊತ್ತಿಗೆ ಪ್ರತಿ ಕಂಪನಿಗೂ ತನ್ನದೇ ಯಂತ್ರ, ತನ್ನದೇ ಭಾಷೆ ಎಂಬಂತಾಗಿತ್ತು. ಯಂತ್ರ ಬದಲಿಸಿದರೆ ಪ್ರೋಗ್ರಾಂಗಳನ್ನೆಲ್ಲ ಮೊದಲಿನಿಂದ ಬರೆಯಬೇಕು. ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯವಹಾರ ಭಾಷೆ ಬೇಕೆಂಬ ಒತ್ತಾಯಕ್ಕೆ ಬರೋಸ್ ಕಂಪನಿಯ ಮೇರಿ ಹಾಸ್ ಚಾಲನೆ ಕೊಟ್ಟರು. 1959ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪೂರ್ವಭಾವಿ ಸಭೆ, ಮೇ ತಿಂಗಳಲ್ಲಿ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗನ್ ಸಭೆ ನಡೆದವು. ಅಲ್ಲಿ ರಚನೆಯಾದ ಸಮಿತಿಗಳ ಪರಿಶ್ರಮದಿಂದ ಕೋಬಾಲ್ ಭಾಷೆ ಹುಟ್ಟಿತು. 1960ರಲ್ಲಿ ಅದರ ಮೊದಲ ವರದಿ ಮುದ್ರಣವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಒಂದೇ ಪ್ರೋಗ್ರಾಂ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಆರ್‌ಸಿಎ ಮತ್ತು ಯೂನಿವ್ಯಾಕ್ ಎಂಬ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ನಡೆಯಿತು.

ಕೋಬಾಲ್ ಭಾಷೆಯನ್ನು ವಾಕ್ಯ ವಾಕ್ಯವಾಗಿ ರೂಪಿಸಿದ ಸಮಿತಿಯಲ್ಲಿ ಹಾಪರ್ ಇರಲಿಲ್ಲ. ಜೀನ್ ಸ್ಯಾಮೆಟ್ ಮೊದಲಾದವರ ದುಡಿಮೆ ಅದರ ಹಿಂದಿದೆ. ಹಾಪರ್ ಮೇಲಿನ ಸಮಿತಿಗೆ ಸಲಹೆಗಾರರಾಗಿದ್ದರು. ಹೀಗಾಗಿ ತಾಯಿ ಎಂಬ ಬಿರುದು ಅಕ್ಷರಶಃ ಸರಿಯಲ್ಲ. ಆದರೆ ಹೊಸ ಭಾಷೆಗೆ ಮುಖ್ಯ ಮಾದರಿಯಾದದ್ದು ಅವರ ಫ್ಲೋ-ಮ್ಯಾಟಿಕ್.

ಕೋಬಾಲ್ ಪ್ರೋಗ್ರಾಮಿನಲ್ಲಿ ನಾಲ್ಕು ಭಾಗಗಳು. ಮೊದಲನೆಯದು ಪ್ರೋಗ್ರಾಮಿನ ಗುರುತು. ಹೆಸರು, ಬರೆದವರು, ಬರೆದ ದಿನ, ಟಿಪ್ಪಣಿ ಇವಕ್ಕೆ ಅಲ್ಲಿ ಜಾಗವಿತ್ತು. ಎರಡನೆಯದು ಯಂತ್ರದ ವಿವರ, ಮೂರನೆಯದು ದತ್ತಾಂಶದ ವಿವರ, ನಾಲ್ಕನೆಯದು ಆದೇಶಗಳು. ಹೆಸರುಗಳಿಗೆ 30 ಅಕ್ಷರಗಳವರೆಗೆ ಅವಕಾಶವಿದ್ದುದರಿಂದ, ಒಟ್ಟು ಸಂಬಳ ಎಂಬುದನ್ನು ಒಂಟಿ ಅಕ್ಷರದಿಂದ ಸೂಚಿಸುವ ಬದಲು ಪೂರ್ಣ ಪದಗಳಲ್ಲೇ ಬರೆಯಬಹುದಿತ್ತು. ಕೆಲವೇ ವರ್ಷಗಳಲ್ಲಿ, ಪುಟದ ತಲೆಬರಹ, ಉಪಮೊತ್ತ, ಒಟ್ಟು ಮೊತ್ತಗಳೊಂದಿಗೆ ವರದಿಯನ್ನು ತಾನೇ ಜೋಡಿಸುವ ಸೌಲಭ್ಯವೂ ಸೇರಿತು. ಪ್ರೋಗ್ರಾಮೇ ತನ್ನ ವಿವರಣೆಯಾಗಬೇಕು ಎಂಬುದು ಇದರ ಹಿಂದಿನ ಆಶಯ.

ನೌಕಾಪಡೆಯ ಮರುಕರೆ

1966ರ ಕೊನೆಯಲ್ಲಿ, 60 ವರ್ಷ ತುಂಬಿದ ಹಾಪರ್ ಅವರನ್ನು ನೌಕಾಪಡೆ ಕಮಾಂಡರ್ ಹುದ್ದೆಯಲ್ಲಿ ನಿವೃತ್ತಿಗೊಳಿಸಿತು. ಏಳೇ ತಿಂಗಳ ನಂತರ, 1967ರ ಆಗಸ್ಟ್‌ನಲ್ಲಿ, ಅದೇ ನೌಕಾಪಡೆ ಅವರನ್ನು ಮರಳಿ ಕರೆಯಿತು. ಕಾರಣ ಸ್ಪಷ್ಟ. ಸಿಬ್ಬಂದಿಯ ಸಂಬಳ ಸಿದ್ಧಪಡಿಸುವ ಪ್ರೋಗ್ರಾಂಗಳನ್ನು ಮತ್ತೆ ಮತ್ತೆ ತಿದ್ದಿ ಬರೆದರೂ ಅವು ಹತೋಟಿಗೆ ಬಂದಿರಲಿಲ್ಲ. ಒಂದೊಂದು ಕೇಂದ್ರ ಒಂದೊಂದು ಬಗೆಯ ಯಂತ್ರ ಕೊಂಡಿತ್ತು, ಒಂದೊಂದು ಕಂಪನಿಯ ಕೋಬಾಲ್ ಒಂದೊಂದು ಬಗೆಯಾಗಿತ್ತು. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ನಡೆಯುತ್ತಿರಲಿಲ್ಲ. ಕಡಲಿನಲ್ಲಿರುವ ನಾವಿಕನ ಮನೆಗೆ ತಿಂಗಳ ಸಂಬಳ ಸರಿಯಾಗಿ ತಲುಪುವುದು ಇದನ್ನು ಅವಲಂಬಿಸಿತ್ತು.

ಆರು ತಿಂಗಳ ಮಟ್ಟಿಗೆಂದು ಕರೆದ ಕೆಲಸ 19 ವರ್ಷ ನಡೆಯಿತು. ಹಾಪರ್ ಒಂದೊಂದೇ ಪ್ರೋಗ್ರಾಮನ್ನು ದುರಸ್ತಿ ಮಾಡುತ್ತ ಕೂರಲಿಲ್ಲ. ಕಂಪನಿಗಳು ಕೋಬಾಲ್ ಎಂಬ ಹೆಸರಿನಲ್ಲಿ ಮಾರುತ್ತಿದ್ದದ್ದು ನಿಜಕ್ಕೂ ಗೊತ್ತುಪಡಿಸಿದ ಕೋಬಾಲ್ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಪ್ರೋಗ್ರಾಂಗಳನ್ನು ತಮ್ಮ ತಂಡದಿಂದ ಬರೆಯಿಸಿದರು. 1968ರಲ್ಲಿ ಆ ಭಾಷೆಗೆ ರಾಷ್ಟ್ರೀಯ ಮಾನಕ ಬಂತು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಕಂಪೈಲರನ್ನು ಸರ್ಕಾರ ಕೊಳ್ಳದು ಎಂದಾಗ ಕಂಪನಿಗಳು ದಾರಿಗೆ ಬಂದವು. ನೌಕಾಪಡೆಯ ಈ ಪರೀಕ್ಷೆಗಳು ಮುಂದೆ ಅಮೆರಿಕ ಸರ್ಕಾರದ ಪರೀಕ್ಷಾ ವ್ಯವಸ್ಥೆಗೆ ತಳಹದಿಯಾದವು.

ಈ ವರ್ಷಗಳಲ್ಲಿ ಅವರು ಊರೂರು ಸುತ್ತಿ ಉಪನ್ಯಾಸ ನೀಡಿದರು. ಒಂದು ಅಡಿಗಿಂತ ಕೊಂಚ ಗಿಡ್ಡದಾದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚಿ, ವಿದ್ಯುತ್ ಸಂಕೇತ ಒಂದು ನ್ಯಾನೋಸೆಕೆಂಡಿನಲ್ಲಿ ಸಾಗಬಲ್ಲ ಗರಿಷ್ಠ ದೂರ ಅಷ್ಟೆಂದು ಕಣ್ಣಿಗೆ ಕಟ್ಟುವಂತೆ ವಿವರಿಸುತ್ತಿದ್ದರು. ಮೊದಲಿನಿಂದಲೂ ಹೀಗೇ ನಡೆದುಬಂದಿದೆ ಎಂಬ ಸಮಜಾಯಿಷಿ ಅವರಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಉತ್ತರವಾಗಿ ಕಚೇರಿಯ ಗೋಡೆಗೆ ಹಿಂದುಮುಂದಾಗಿ ತಿರುಗುವ ಗಡಿಯಾರವೊಂದನ್ನು ತೂಗುಹಾಕಿದ್ದರು. ಮುಳ್ಳು ಎತ್ತ ತಿರುಗಿದರೂ ಅದು ಸಮಯವನ್ನು ಸರಿಯಾಗಿಯೇ ಹೇಳುತ್ತಿತ್ತು.

1986ರ ಆಗಸ್ಟ್ 14ರಂದು, ಬೋಸ್ಟನ್ ಬಂದರಿನ ಐತಿಹಾಸಿಕ ನೌಕೆ ಕಾನ್‌ಸ್ಟಿಟ್ಯೂಷನ್ ಮೇಲೆ ನಡೆದ ಸಮಾರಂಭದಲ್ಲಿ ರಿಯರ್ ಅಡ್ಮಿರಲ್ ಹಾಪರ್ ನಿವೃತ್ತರಾದಾಗ ಅವರಿಗೆ 79 ವರ್ಷ. ಸಕ್ರಿಯ ಸೇವೆಯಲ್ಲಿದ್ದ ಅತ್ಯಂತ ಹಿರಿಯ ಅಧಿಕಾರಿ ಅವರೇ. ನಂತರವೂ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಸಲಹೆಗಾರರಾಗಿ ದುಡಿದರು. 1992ರ ಜನವರಿ 1ರಂದು ನಿಧನರಾದ ಅವರನ್ನು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಸಮಾಧಿ ಮಾಡಲಾಯಿತು.

ಬೆಂಗಳೂರಿಗೆ ಬಂದ ಬಳುವಳಿ

ಹಾಪರ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅವರ ಯುಗದ ಬಳುವಳಿ ಬೆಂಗಳೂರಿನ ಬಾಗಿಲಿಗೆ ಬಂತು. ಸ್ಮರಣೆಯ ಜಾಗ ದುಬಾರಿಯಾಗಿದ್ದ ಕಾಲದಲ್ಲಿ ಇಸವಿಯನ್ನು ಎರಡೇ ಅಂಕಿಗಳಲ್ಲಿ ಬರೆಯುವ ವಾಡಿಕೆ ಇತ್ತು. 2000ನೇ ಇಸವಿ 00 ಆಗಿ, ಯಂತ್ರ ಅದನ್ನು 1900 ಎಂದು ತಿಳಿದರೆ ಬಡ್ಡಿ, ಪಿಂಚಣಿ, ವಿಮೆಯ ಲೆಕ್ಕಗಳೆಲ್ಲ ಬುಡಮೇಲಾಗುವ ಭೀತಿ. ವೈ2ಕೆ ಎಂದು ಹೆಸರಾದ ಈ ಸಮಸ್ಯೆಯನ್ನು ಸರಿಪಡಿಸಲು ಅಮೆರಿಕ, ಯುರೋಪುಗಳ ಸಂಸ್ಥೆಗಳು ಭಾರತದ ತಂತ್ರಾಂಶ ಕಂಪನಿಗಳ ಮೊರೆಹೋದವು. 1990ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ಕಂಪನಿಗಳ ಬೆಳವಣಿಗೆಗೆ ಈ ಕೆಲಸ ದೊಡ್ಡ ಮೆಟ್ಟಿಲಾಯಿತು.

ಇಲ್ಲಿಯ ಎಂಜಿನಿಯರರು ತೆರೆದದ್ದು ತಾವು ಹುಟ್ಟುವ ಮೊದಲೇ, ತಾವು ಕಾಣದ ಊರಿನಲ್ಲಿ, ತಾವು ಅರಿಯದ ಜನ ಬರೆದ ಪ್ರೋಗ್ರಾಂಗಳನ್ನು. ಹಾಪರ್ ಕನಸು ಎಷ್ಟು ನಿಜವಾಗಿತ್ತು, ಎಷ್ಟು ಸುಳ್ಳಾಗಿತ್ತು ಎಂಬುದಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರಿರಲಿಲ್ಲ. ಆದೇಶಗಳು ಪದಗಳಲ್ಲಿದ್ದುದರಿಂದ ಸಾವಿರಾರು ಮೈಲಿ ದೂರದ ಅಪರಿಚಿತರೂ ಅವನ್ನು ಓದಿ ತಿದ್ದಬಹುದಾಯಿತು. ಇದು ಗೆಲುವು. ಆದರೆ ಟಿಪ್ಪಣಿಯ ಜಾಗವನ್ನು ಖಾಲಿ ಬಿಟ್ಟವರಿದ್ದರು. ಉದ್ದ ಹೆಸರಿಗೆ ಅವಕಾಶವಿದ್ದರೂ ಅರ್ಥವಿಲ್ಲದ ಗಿಡ್ಡ ಹೆಸರಿಟ್ಟವರಿದ್ದರು. ಒಂದು ಸಾಲು ಏನು ಮಾಡುತ್ತದೆಂದು ಭಾಷೆ ಹೇಳಬಲ್ಲದು. ಅದನ್ನು ಏಕೆ ಬರೆಯಲಾಯಿತೆಂದು, ಯಾರ ಬೇಡಿಕೆಗೆ, ಯಾವ ನಿಯಮಕ್ಕೆ ಹೊಂದಿಸಲೆಂದು ಹೇಳಬೇಕಾದವನು ಬರೆದವನೇ. ಯಾವ ಕಂಪೈಲರೂ ಆ ಜವಾಬ್ದಾರಿಯನ್ನು ಅವನ ಕೈಯಿಂದ ಪಡೆಯಲಾರದು.

2020ರ ಏಪ್ರಿಲ್‌ನಲ್ಲಿ, ಕೊರೊನಾ ಪಿಡುಗಿನ ನಡುವೆ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಕೋಬಾಲ್ ಬಲ್ಲ ಸ್ವಯಂಸೇವಕರಿಗಾಗಿ ಬಹಿರಂಗವಾಗಿ ಮನವಿ ಮಾಡಬೇಕಾಯಿತು. ಕೆಲಸ ಕಳೆದುಕೊಂಡ ಲಕ್ಷಾಂತರ ಜನರ ಪರಿಹಾರದ ಅರ್ಜಿಗಳು ದಶಕಗಳಷ್ಟು ಹಳೆಯ ವ್ಯವಸ್ಥೆಯ ಮುಂದೆ ರಾಶಿಬಿದ್ದಿದ್ದವು. ಅದನ್ನು ಬಲ್ಲವರಲ್ಲಿ ಬಹುತೇಕರು ನಿವೃತ್ತರಾಗಿದ್ದರು.

ಹಾಪರ್ ಅವರಿಗೆ ಗೌರವಗಳ ಕೊರತೆಯಾಗಲಿಲ್ಲ. 1997ರಲ್ಲಿ ಅವರ ಹೆಸರಿನ ಯುದ್ಧನೌಕೆ ಸೇವೆಗೆ ಸೇರಿತು. 2016ರಲ್ಲಿ ಮರಣೋತ್ತರವಾಗಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಂದಿತು. 2017ರಲ್ಲಿ ಯೇಲ್ ವಿಶ್ವವಿದ್ಯಾಲಯ ತನ್ನ ಒಂದು ಕಾಲೇಜಿಗೆ ಅವರ ಹೆಸರಿಟ್ಟಿತು. ಗಣಕ ಕ್ಷೇತ್ರದ ಮಹಿಳೆಯರಿಗಾಗಿ ಅವರ ಹೆಸರಿನಲ್ಲಿ ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ಸಮಾವೇಶದ ಭಾರತೀಯ ಆವೃತ್ತಿಗೆ ಬೆಂಗಳೂರು ಆತಿಥ್ಯ ವಹಿಸಿದೆ.

ಇವೆಲ್ಲಕ್ಕಿಂತ ಅವರ ನಿಜವಾದ ಸ್ಮಾರಕ 1946ರ ಆ 561 ಪುಟಗಳ ಕೈಪಿಡಿಯೇ ಇರಬೇಕು. ಅದು ವಿವರಿಸಿದ ಯಂತ್ರ 1959ರಲ್ಲೇ ಕೆಲಸ ನಿಲ್ಲಿಸಿತು. ತಮಗೆ ಯಾರೂ ಹೇಳಿಕೊಡದಿದ್ದುದನ್ನು ತಾವಾಗಿ ಅರಿತವರು, ಅರಿತ ಕೂಡಲೇ ಅದನ್ನು ಬರೆದಿಡಬೇಕು ಎಂಬ ಪಾಠ ಮಾತ್ರ ಹಳತಾಗಿಲ್ಲ. ಯಾರೋ ಬಿಟ್ಟುಹೋದ ಲೆಕ್ಕದ ಎದುರು ತಲೆಯ ಮೇಲೆ ಕೈಹೊತ್ತು ಕುಳಿತ ಪ್ರತಿಯೊಬ್ಬರೂ, ಆ ಲೆಕ್ಕ ಬಿಡಿಸಿಕೊಂಡ ದಿನ ಮಾಡಬೇಕಾದ ಮೊದಲ ಕೆಲಸ ಅದು.